ಮುಂಬಯಿ, ಪುಣೆ, ಗೋವಾದಲ್ಲಿ ತಂಪಾದ ಮನೆ: ಯಾವ ಊರಿಗೆ ಯಾವ ಛಾವಣಿ, ಯಾವ ಗೋಡೆ?

ಹೊರನಾಡಿನಲ್ಲಿ ಸೈಟು ಕೊಂಡ ಕನ್ನಡಿಗರು ಮನೆ ಕಟ್ಟಲು ಹೊರಟಾಗ ಕಣ್ಣ ಮುಂದೆ ಬರುವುದು ಊರಿನ ಮನೆಯೇ. ವಿಜಯಪುರದ ಕಡೆಯವರಿಗೆ ದಪ್ಪ ಗೋಡೆ, ಸಣ್ಣ ಕಿಟಕಿ ಬೇಕು. ಮಂಗಳೂರಿನ ಕಡೆಯವರಿಗೆ ಹಂಚಿನ ಮಾಡು, ಸುತ್ತ ಜಗಲಿ ಬೇಕು. ಎರಡೂ ತಮ್ಮ ತಮ್ಮ ಹವೆಗೆ ಹುಟ್ಟಿದ ಮನೆಗಳು. ಆದರೆ ವಿಜಯಪುರದ ಮನೆಯನ್ನು ಗೋವಾದ ವಾಸ್ಕೋದಲ್ಲಿ ಕಟ್ಟಿದರೆ ಜುಲೈ ಹೊತ್ತಿಗೆ ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಮಂಗಳೂರಿನ ಮನೆಯನ್ನು ಪುಣೆ ಬಳಿಯ ತಳೇಗಾಂವಿನಲ್ಲಿ ಕಟ್ಟಿದರೆ ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿ ನೇರ ನಡುಮನೆಗೆ ನುಗ್ಗುತ್ತದೆ.

ಮೊದಲು ಹವೆಯ ಲೆಕ್ಕ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲು 38 ಡಿಗ್ರಿ ದಾಟಿದರೂ ಬೆಳಗಿನ ಜಾವ 20–22ಕ್ಕೆ ಇಳಿಯುತ್ತದೆ. ಮುಂಬಯಿ, ಪಣಜಿಗಳಲ್ಲಿ ಮೇ ತಿಂಗಳ ಹಗಲು 33–34, ರಾತ್ರಿ 26–27. ಹಗಲು ರಾತ್ರಿಯ ಅಂತರ ಅಲ್ಲಿ ಆರೇಳು ಡಿಗ್ರಿ ಮಾತ್ರ, ಕಾಡುವುದು ಬೆವರು. ಮಳೆ ಪುಣೆ ನಗರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಮುಂಬಯಿಯಲ್ಲಿ 2,000ದ ಮೇಲೆ, ಪಣಜಿಯಲ್ಲಿ 3,000ದ ಹತ್ತಿರ. ಹೀಗಾಗಿ ಪುಣೆಯಲ್ಲಿ ರಾತ್ರಿಯ ತಂಪನ್ನು ಗೋಡೆಯಲ್ಲಿ ಹಿಡಿದಿಟ್ಟು ಹಗಲಿಗೆ ಬಳಸಬಹುದು. ಕರಾವಳಿಯಲ್ಲಿ ಹಿಡಿದಿಡಲು ರಾತ್ರಿಯ ತಂಪೇ ಇಲ್ಲ. ಅಲ್ಲಿ ಬಿಸಿಲು ಗೋಡೆಗೆ ಬೀಳದಂತೆ ತಡೆಯಬೇಕು, ಗಾಳಿ ಆಡಲು ಬಿಡಬೇಕು.

ಇನ್ನೊಂದು ಪ್ರಶ್ನೆ ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸುವಂಥದ್ದು: ಫ್ಯಾನಿನಲ್ಲೇ ಇರುತ್ತೀರೋ, ಎಸಿ ಹಾಕಿಸುತ್ತೀರೋ? ಕಿಟಕಿ ತೆರೆದು ಬದುಕುವ ಮನೆಯಲ್ಲಿ ಗೋಡೆಯ ಶಾಖ ತಡೆಯುವ ಗುಣಕ್ಕಿಂತ ನೆರಳು, ಗಾಳಿ ಮುಖ್ಯ. ಕಿಟಕಿ ಮುಚ್ಚಿ ರಾತ್ರಿಯಿಡೀ ಎಸಿ ನಡೆಸುವ ಕೋಣೆಗೆ ಗೋಡೆಯ ಗುಣವೇ ಕರೆಂಟ್ ಬಿಲ್ಲನ್ನು ತೀರ್ಮಾನಿಸುತ್ತದೆ.

ದುಡ್ಡು ಮೊದಲು ಛಾವಣಿಗೆ

ಎಲ್ಲರೂ ಗೋಡೆಯ ಬ್ಲಾಕಿನ ಚರ್ಚೆಯಿಂದ ಶುರು ಮಾಡುತ್ತಾರೆ. ನಮ್ಮ ಖಚಿತ ಅಭಿಪ್ರಾಯ: ಒಂದು ಅಥವಾ ಎರಡು ಅಂತಸ್ತಿನ ಮನೆಗೆ ಮೊದಲ ಖರ್ಚು ಛಾವಣಿಗೆ, ಎರಡನೆಯದು ಕಿಟಕಿಯ ನೆರಳಿಗೆ, ಗೋಡೆ ಆಮೇಲೆ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ ಗೋಡೆಗೆ ಸಂಜೆ ಬಿಸಿಲು. ಸ್ಲ್ಯಾಬಿಗೆ ದಿನವಿಡೀ ಬಿಸಿಲು, ಅದೂ ನೆತ್ತಿಯ ಮೇಲಿನಿಂದ.

ಶಾಖ ದಾಟುವುದನ್ನು ಅಳೆಯಲು ಯು-ಮೌಲ್ಯ ಎಂಬ ಅಳತೆ ಇದೆ. ಒಳಗೂ ಹೊರಗೂ 1 ಡಿಗ್ರಿ ಅಂತರವಿದ್ದಾಗ 1 ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದು ಅದರ ಅರ್ಥ. ಕಡಿಮೆಯಾದಷ್ಟೂ ಒಳ್ಳೆಯದು. ಮನೆಗಳಿಗಾಗಿಯೇ 2018ರಲ್ಲಿ ಬಂದ ಕೇಂದ್ರದ ಇಂಧನ ಉಳಿತಾಯದ ನಿಯಮಾವಳಿ ಇಕೋ ನಿವಾಸ್ ಸಂಹಿತಾ ಛಾವಣಿಯ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ. 6 ಇಂಚಿನ ಬರೀ ಆರ್‌ಸಿಸಿ ಸ್ಲ್ಯಾಬಿನದು 3.5ರ ಸುಮಾರು, ಅಂದರೆ ಮಿತಿಯ ಮೂರು ಪಟ್ಟು.

ಮುಂಬಯಿ, ಪುಣೆಗಳಲ್ಲಿ ಗುತ್ತಿಗೆದಾರರು ತಾವಾಗಿಯೇ ಹಾಕುವುದು ಬ್ರಿಕ್‌ಬ್ಯಾಟ್ ಕೋಬಾ. ಇಟ್ಟಿಗೆ ಚೂರು ಜೋಡಿಸಿ, ಗಾರೆ ಸುರಿದು, ಇಳಿಜಾರು ಮಾಡುತ್ತಾರೆ. ಸರಾಸರಿ 4 ಇಂಚು ದಪ್ಪ, ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ. ನೀರು ತಡೆಯಲೆಂದು ಹಾಕಿದ್ದು ಅಷ್ಟಿಷ್ಟು ಶಾಖವನ್ನೂ ತಡೆಯುತ್ತದೆ ನಿಜ. ಆದರೆ ಮೇಲ್ಪದರದಲ್ಲಿ ಒಂದು ಬಿರುಕು ಬಿಟ್ಟರೆ ಇಟ್ಟಿಗೆ ಚೂರುಗಳು ಮಳೆಗಾಲವಿಡೀ ನೀರು ಕುಡಿದು ಕೂರುತ್ತವೆ. ಒದ್ದೆಯಾದ ಇಟ್ಟಿಗೆ ಶಾಖ ತಡೆಯುವುದಿಲ್ಲ, ಸೋರಿಕೆ ಎಲ್ಲಿಂದ ಶುರುವಾಯಿತೆಂದೂ ಗೊತ್ತಾಗುವುದಿಲ್ಲ. ಹಳೆಯದನ್ನು ಒಡೆಯದೆ ಅದರ ಮೇಲೆಯೇ ಇನ್ನೊಂದು ಕೋಬಾ ಹಾಕುವುದಂತೂ ಸ್ಲ್ಯಾಬಿಗೆ ಅಪಾಯ.

ಹೊಸ ಮನೆಗೆ ನಮ್ಮ ಮೊದಲ ಆಯ್ಕೆ ಶಾಖ ತಡೆಯುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆ. 50 ಮಿ.ಮೀ. ದಪ್ಪದ್ದು ಹಾಕಿದರೆ ಯು-ಮೌಲ್ಯ 0.5ರ ಹತ್ತಿರ, 25 ಮಿ.ಮೀ. ಹಾಕಿದರೂ 0.9. ಭಾರ ಚದರ ಮೀಟರಿಗೆ ಎರಡು ಕೆ.ಜಿ.ಯೂ ಇಲ್ಲ. ಪದರಗಳ ಕ್ರಮ ತಪ್ಪಬಾರದು: ಸ್ಲ್ಯಾಬ್, ಅದರ ಮೇಲೆ 1:100 ಇಳಿಜಾರಿನ ಗಾರೆ, ವಾಟರ್‌ಪ್ರೂಫಿಂಗ್ ಪದರ, ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಎಕ್ಸ್‌ಪಿಎಸ್, ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಜಾಲರಿ ಇಟ್ಟ 2 ಇಂಚಿನ ಕಾಂಕ್ರೀಟ್, ಬಿಳಿ ಟೈಲ್ಸ್. ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಅಗ್ಗವೆಂದು ಥರ್ಮೋಕೋಲ್ ಹಾಕುವುದು. ಅದು ನೀರು ಹೀರುತ್ತದೆ, ತುಳಿತಕ್ಕೆ ಕುಗ್ಗುತ್ತದೆ. ಸಾಲ್ವೆಂಟ್ ಇರುವ ಪ್ರೈಮರ್ ಅಥವಾ ಬಿಸಿ ಡಾಂಬರು ತಾಗಿಸುವುದು. ಎಕ್ಸ್‌ಪಿಎಸ್ ಕರಗಿ ಕುಳಿ ಬೀಳುತ್ತದೆ. ಹಲಗೆ ಹಾಸಿ ವಾರಗಟ್ಟಲೆ ಬಿಸಿಲಿಗೆ ಬಿಡುವುದು. ಮೇಲ್ಮೈ ಹಳದಿಯಾಗಿ ಪುಡಿಯುದುರುತ್ತದೆ.

ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಕೂಲ್ ರೂಫ್ ಬಣ್ಣ ಅಗ್ಗ, ಒಂದೇ ದಿನದ ಕೆಲಸ. ಪುಣೆಯಲ್ಲಿ ಫೆಬ್ರವರಿಯಿಂದ ಧೂಳು ಕೂತು ಬಿಳುಪು ಮಾಸುತ್ತದೆ, ತೊಳೆಯುತ್ತಿರಬೇಕು. ಗೋವಾದಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ. ಆ ಕಡೆ ಬಿಳಿ ಚೈನಾ ಮೊಸಾಯಿಕ್ (ಪಿಂಗಾಣಿ ಟೈಲ್ಸ್ ಚೂರುಗಳ ಹಾಸು) ಹೆಚ್ಚು ಬಾಳುತ್ತದೆ, ಉಜ್ಜಿ ತೊಳೆದರೆ ಮತ್ತೆ ಬಿಳಿ.

ಹಂಚಿನ ಚೂರನ್ನು ನಡುವೆ ಇಟ್ಟು ಎರೆಯುವ ಫಿಲ್ಲರ್ ಸ್ಲ್ಯಾಬ್ ಕಾಂಕ್ರೀಟ್ ಉಳಿಸುತ್ತದೆ, ನೋಡಲು ಚೆಂದ. ಅದೊಂದರಿಂದಲೇ ಮನೆ ತಂಪಾಗುತ್ತದೆ ಎಂಬ ಮಾತು ಮಾತ್ರ ಸರಿಯಲ್ಲ. 1.2ರ ಮಿತಿಗೆ ಇಳಿಯಬೇಕಾದರೆ ಅದರ ಮೇಲೂ ಎಕ್ಸ್‌ಪಿಎಸ್ ಅಥವಾ ನೆರಳು ಬೇಕೇ ಬೇಕು. ಪುಣೆಯಲ್ಲಿ ಮಾಡಿಸಬಹುದು. ಕರಾವಳಿಯಲ್ಲಿ ಕಂಬಿಯ ಕೆಳಗಿನ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಸರಿಯಾಗಿ ಕಾಯುವ ಎಂಜಿನಿಯರ್ ಇದ್ದರೆ ಮಾತ್ರ.

ಗೋವಾಕ್ಕೆ ಹಂಚಿನ ಮಾಡೇ ಮೇಲು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಹಂಚು ಇಡೀ ಪಶ್ಚಿಮ ಕರಾವಳಿಯ ಮಳೆಗೆ ಒಗ್ಗಿದೆ. ಚದರ ಮೀಟರಿಗೆ 15 ಹಂಚು ಲೆಕ್ಕ ಹಾಕಿ, ಒಡೆಯುವುದಕ್ಕೆ ನೂರಕ್ಕೆ ಐದು ಹೆಚ್ಚು ತರಿಸಿ. ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ. ಈಗ ಗೋವಾದಲ್ಲಿ ಹೆಚ್ಚಿನವರು ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಗಾರೆಯಲ್ಲೇ ಹಂಚು ಕೂರಿಸುತ್ತಾರೆ. ಇದು ಹಂಚಿನ ಗುಣವನ್ನೇ ಕೊಲ್ಲುವ ಪದ್ಧತಿ: ಕಾದ ಹಂಚಿನ ಶಾಖ ಗಾರೆಯ ಮೂಲಕ ನೇರ ಸ್ಲ್ಯಾಬಿಗೆ ಇಳಿಯುತ್ತದೆ, ಒಡೆದ ಹಂಚು ಬದಲಿಸಲು ಉಳಿ ಬೇಕಾಗುತ್ತದೆ. ಸ್ಲ್ಯಾಬ್ ಬೇಕೇ ಬೇಕೆಂದಾದರೆ ಅದರ ಮೇಲೆ ರೀಪು ಹೊಡೆದು, 2 ಇಂಚು ಗಾಳಿಯ ಸಂದು ಬಿಟ್ಟು ಹಂಚು ಹೊದಿಸಿ. ಸಂದು ಕೆಳಗೆ ಸೂರಿನ ಬಳಿಯೂ ಮೇಲೆ ಮುಗುಳಿಯ ಬಳಿಯೂ ತೆರೆದಿರಲಿ, ಇಲಿ ಹೋಗದಂತೆ ಜಾಲರಿ ಇರಲಿ. ರೀಪಿನ ಅಂತರವನ್ನು ನಕ್ಷೆ ನೋಡಿ ಹೊಡೆಯಬಾರದು, ತಂದ ಹಂಚನ್ನು ಇಟ್ಟು ಅಳೆದೇ ಹೊಡೆಯಬೇಕು.

ಮುಂಬಯಿ ಹೊರವಲಯದ ಬದ್ಲಾಪುರ, ಪನ್ವೇಲ್ ಕಡೆ ಸ್ಲ್ಯಾಬಿನ ಮೇಲೆ ಶೀಟಿನ ಶೆಡ್ ಹಾಕುವ ರೂಢಿ ಇದೆ. ಸೋರಿಕೆಗೆಂದು ಹಾಕಿದರೂ ಅದು ಒಳ್ಳೆಯ ಕೊಡೆ, ಸ್ಲ್ಯಾಬಿಗೆ ಬಿಸಿಲೇ ಬೀಳುವುದಿಲ್ಲ. ಪಾಲಿಕೆಯ ಅನುಮತಿ ತೆಗೆದುಕೊಳ್ಳಿ, ನಾಲ್ಕೂ ಬದಿ ತೆರೆದಿಡಿ. ಎತ್ತರಿಸಿ ಕೂರಿಸಿದ ಸೋಲಾರ್ ಪ್ಯಾನೆಲ್ ಕೂಡ ಇದೇ ಕೆಲಸ ಮಾಡುತ್ತದೆ.

ಕಿಟಕಿ: ಸ್ಲೈಡಿಂಗೋ, ಬಾಗಿಲಿನಂತೆ ತೆರೆಯುವುದೋ?

ಇಲ್ಲಿ ಒಂದು ಲೆಕ್ಕ ಮಾಡಿಯೇ ನೋಡಬೇಕು. ಮುಂಬಯಿ, ಗೋವಾದಂಥ ಬಿಸಿ–ತೇವದ ವಲಯದಲ್ಲಿ ಮನೆಯ ಕಾರ್ಪೆಟ್ ಏರಿಯಾದ ಶೇ. 16.66ರಷ್ಟಾದರೂ ತೆರೆಯುವ ಕಿಂಡಿ ಇರಬೇಕೆಂದು ಸಂಹಿತೆ ಹೇಳುತ್ತದೆ. 1,000 ಚದರ ಅಡಿಯ ಮನೆಗೆ 167 ಚದರ ಅಡಿ ಆಯಿತು. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ, ಆದ್ದರಿಂದ 334 ಚದರ ಅಡಿ ಕಿಟಕಿ ಬೇಕು. ಬಾಗಿಲಿನಂತೆ ತೆರೆಯುವ ಕಿಟಕಿ ನೂರಕ್ಕೆ ತೊಂಬತ್ತು ಪಾಲು ತೆರೆಯುತ್ತದೆ, 186 ಚದರ ಅಡಿ ಸಾಕು. ಉಳಿದ ಗಾಜು, ಆ ಗಾಜಿನಿಂದ ಬರುವ ಬಿಸಿಲು, ಎರಡೂ ಉಳಿತಾಯ. ಗ್ರಿಲ್ ಹೊರಗಿದ್ದರೆ ಕಿಟಕಿ ಒಳಗೆ ತೆರೆಯುವಂತೆ, ಒಳಗಿದ್ದರೆ ಹೊರಗೆ ತೆರೆಯುವಂತೆ ಮೊದಲೇ ಹೇಳಿ. ಇದನ್ನು ಮರೆತು ಕೊನೆಗೆ ಸ್ಲೈಡಿಂಗ್‌ಗೆ ಒಪ್ಪಿಕೊಂಡ ಮನೆಗಳು ಬಹಳ.

ದಕ್ಷಿಣದ 4 ಅಡಿ ಎತ್ತರದ ಕಿಟಕಿಗೆ ಒಂದೂವರೆಯಿಂದ ಎರಡು ಅಡಿ ಛಜ್ಜಾ ಸಾಕು. ಮಾರ್ಚ್ ಕಳೆದ ಮೇಲೆ ಮಧ್ಯಾಹ್ನದ ಬಿಸಿಲು ಒಳಗೆ ಬರುವುದಿಲ್ಲ. ಉತ್ತರಕ್ಕೆ ಛಜ್ಜಾ ಬೇಡವೆಂಬ ನಂಬಿಕೆ ನಮ್ಮ ಅಕ್ಷಾಂಶಕ್ಕೆ ಹೊಂದುವುದಿಲ್ಲ. ಪಣಜಿಯಲ್ಲಿ ಮೇ ಮೊದಲ ವಾರ, ಮುಂಬಯಿಯಲ್ಲಿ ಮೇ 15ರ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮರಳುವುದು ಜುಲೈ ಕೊನೆ, ಆಗಸ್ಟ್‌ಗೆ. ಅದರ ಮೇಲೆ ಮಳೆಯ ಎರಚಲು ಬೇರೆ. ಪಶ್ಚಿಮದ ಇಳಿಬಿಸಿಲನ್ನು ಯಾವ ಛಜ್ಜಾವೂ ತಡೆಯದು. ಆ ಬದಿಗೆ ಬಚ್ಚಲು, ಮೆಟ್ಟಿಲು, ಸಾಮಾನು ಕೋಣೆ ಹಾಕಿಬಿಡಿ.

ಚೌಕಟ್ಟಿಗೆ ಸಮುದ್ರದ ಹತ್ತಿರ ಯುಪಿವಿಸಿ ಅಥವಾ ಚೆನ್ನಾಗಿ ಪೌಡರ್ ಕೋಟ್ ಆದ ಅಲ್ಯೂಮಿನಿಯಂ. ಸ್ಕ್ರೂ, ಕೀಲುಗಳು ಸ್ಟೇನ್‌ಲೆಸ್ ಇರಲಿ, ಮೊದಲು ತುಕ್ಕು ಹಿಡಿಯುವುದು ಅವೇ. ಗೋವಾದಲ್ಲಿ ಕೆಡವಿದ ಹಳೆಯ ಮನೆಗಳ ಮತ್ತಿ, ಹಲಸಿನ ಮರದ ಬಾಗಿಲು ಕಿಟಕಿ ಸಿಕ್ಕರೆ ಬಿಡಬೇಡಿ.

ಗೋಡೆ

ಗೋವಾದಲ್ಲಿ ಕಲ್ಲು ಕಾಲಡಿಯಲ್ಲೇ ಇದೆ. ಕಾರವಾರದವರು ಚಿರೆಕಲ್ಲು, ಮಂಗಳೂರಿನವರು ಕೆಂಪು ಕಲ್ಲು ಅಥವಾ ಮುರಕಲ್ಲು ಎನ್ನುವುದು ಇದಕ್ಕೇ. ಸುಡುವ ಕೆಲಸವಿಲ್ಲ, ದೂರದ ಲಾರಿ ಇಲ್ಲ, ಭಾರ ಹೊರುವ ಗೋಡೆಯನ್ನೇ ಕಟ್ಟಬಹುದು. ತಗಾದೆ ಎಲ್ಲ ಕಲ್ಲಿನ ಗುಣದಲ್ಲಿದೆ. ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಅದು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು, ಚದರ ಮಿ.ಮೀ.ಗೆ 3.5 ನ್ಯೂಟನ್ ಭಾರ ತಡೆಯಬೇಕು. ನೀರಿನ ಪರೀಕ್ಷೆಯನ್ನು ನೀವೇ ಮಾಡಬಹುದು. ಲಾರಿಯ ಬೇರೆ ಬೇರೆ ಕಡೆಯಿಂದ ಐದು ಕಲ್ಲು ಆರಿಸಿ, ಮೂರು ದಿನ ಬಿಸಿಲಿನಲ್ಲಿ ಒಣಗಿಸಿ ತೂಗಿ. 24 ಗಂಟೆ ನೀರಿನಲ್ಲಿ ಮುಳುಗಿಸಿ, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. 28 ಕೆ.ಜಿ.ಯ ಕಲ್ಲು 31 ಆದರೆ ಹೀರಿದ್ದು ಶೇ. 10.7, ಇಟ್ಟುಕೊಳ್ಳಿ. 32 ಆದರೆ ಶೇ. 14ರ ಮೇಲಾಯಿತು, ಆ ಲಾರಿ ವಾಪಸ್ ಹೋಗಲಿ. ಜೊತೆಗೆ ಕಲ್ಲಿನ ಮೈ ನೋಡಿ: ಬಿಳಿ ಅಥವಾ ಹಳದಿ ಶೇಡಿಮಣ್ಣಿನ ಗುಳಿಗಳು ಉಗುರಿಗೆ ಕೆರೆದು ಬರುತ್ತಿದ್ದರೆ ಮಳೆಯಲ್ಲಿ ಅದೇ ಜಾಗ ತೂತಾಗುತ್ತದೆ. ಸುತ್ತಿಗೆ ಬಡಿದಾಗ ಕಣಕಣ ಎನ್ನಬೇಕು, ದಬ್ ಎನ್ನಬಾರದು. ಗಣಿಯಿಂದ ಈಗಷ್ಟೇ ಕೊರೆದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಗಟ್ಟಿಯಾಗಲು ಮೂರು ತಿಂಗಳಾದರೂ ಕೊಡಿ. ರಾಯಲ್ಟಿ ಕಟ್ಟಿದ ರಸೀದಿ ಕೇಳಿ ಪಡೆಯಿರಿ.

ಕೆಂಪು ಕಲ್ಲಿಗೆ 1:3ರ ಗಟ್ಟಿ ಸಿಮೆಂಟ್ ಗಿಲಾವು ಹಾಕಿಸಿದರೆ ಗಿಲಾವು ಬಿರಿಯುತ್ತದೆ, ಬಿರುಕಿನಿಂದ ಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ ಒಳಗೋಡೆಗೆ ಬರುತ್ತದೆ. ಸಿಮೆಂಟ್ 1, ಸುಣ್ಣ 1, ಮರಳು 6ರ ಗಿಲಾವು ಹಾಕಿ. ಕಲ್ಲು ಕಾಣುವಂತೆಯೇ ಬಿಡುವುದಾದರೆ ಮೇಲೆ ಹೊಳೆಯುವ ಅಕ್ರಿಲಿಕ್ ಬೇಡ, ಎರಡು ಮಳೆಗೆ ಸಿಪ್ಪೆಯೇಳುತ್ತದೆ. ಸಿಲೇನ್–ಸಿಲಾಕ್ಸೇನ್ ದ್ರವ ನೀರು ತಡೆದು ಆವಿ ಬಿಡುತ್ತದೆ. ನೈಋತ್ಯದ ಗೋಡೆಗೆ ಅದೂ ಸಾಲದು, ಆ ಬದಿ ಮಾಡು ಎರಡೂವರೆ ಮೂರು ಅಡಿ ಹೊರಚಾಚಲಿ. ಕೆಂಪು ಕಲ್ಲು ಶಾಖ ತಡೆಯುವುದರಲ್ಲಿ ಇಟ್ಟಿಗೆಗಿಂತ ಹೆಚ್ಚೇನಲ್ಲ. ಒಂದು ಕೋಣೆಗೆ ಎಸಿ ಹಾಕುತ್ತೀರಾದರೆ ಅದು ಪಶ್ಚಿಮಕ್ಕೆ ಬೇಡ.

ಮುಂಬಯಿಯ ಹೊರವಲಯದಲ್ಲಿ, ಆರ್‌ಸಿಸಿ ಚೌಕಟ್ಟಿನ, ಎಸಿ ಇರುವ ಮನೆಗೆ ಎಎಸಿ ಬ್ಲಾಕೇ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್) ಸರಿ. 200 ಮಿ.ಮೀ. ಎಎಸಿ ಗೋಡೆಯ ಯು-ಮೌಲ್ಯ 0.7–0.8, 9 ಇಂಚಿನ ಇಟ್ಟಿಗೆ ಗೋಡೆಯದು 2ರ ಆಸುಪಾಸು. ತೂಕ ಇಟ್ಟಿಗೆ ಗೋಡೆಯ ಅರ್ಧಕ್ಕೂ ಕಡಿಮೆ, ಹೀಗಾಗಿ ಪಾಯದ ಕಂಬಿಯೂ ಉಳಿಯುತ್ತದೆ. 600×200ರ ಮುಖದ ಬ್ಲಾಕಾದರೆ 10 ಚದರ ಮೀಟರ್ ಗೋಡೆಗೆ 84 ಬ್ಲಾಕ್. ಆದರೆ ಎಎಸಿ ಬಿರುಕು ಬಿಡುತ್ತದೆ ಎಂಬ ದೂರು ಎಲ್ಲ ಕಡೆ ಕೇಳುತ್ತದೆ, ಆ ದೂರಿನ ಮೂಲ ಹೆಚ್ಚಾಗಿ ಕಟ್ಟುವ ರೀತಿಯಲ್ಲಿದೆ. ಕಾರ್ಖಾನೆಯಿಂದ ಬರುವ ಬ್ಲಾಕಿನಲ್ಲೇ ತೇವ ಇರುತ್ತದೆ. ಅದನ್ನು ಬರೀ ನೆಲಕ್ಕೆ ಪೇರಿಸಿ ಮಳೆಗೆ ನೆನೆಸಿ, ಹಸಿಯಾಗಿಯೇ ಕಟ್ಟಿದರೆ, ಗೋಡೆ ಒಣಗುವಾಗ ಕುಗ್ಗಿ ಗಿಲಾವನ್ನು ಸೀಳುತ್ತದೆ. ಹಲಗೆಯ ಮೇಲೆ ಪೇರಿಸಿ ತಾಡಪತ್ರಿ ಮುಚ್ಚಿ.

ಕಟ್ಟುವಾಗ ಗೌಂಡಿಯ ಪಕ್ಕ ನಿಂತು ನೋಡಬೇಕಾದ ಜಾಗ ಕಂಬ, ಬೀಮುಗಳಿಗೆ ಬ್ಲಾಕ್ ಕೂಡುವ ಸಂದು. ಸಾಲುಗಳ ನಡುವೆ 3 ಮಿ.ಮೀ. ಬ್ಲಾಕ್ ಅಂಟು, ಅರ್ಧ ಇಂಚಿನ ಸಿಮೆಂಟ್ ಗಾರೆಯಲ್ಲ. ಗೋಡೆಯ ಕೊನೆಯ ಸಾಲಿಗೂ ಬೀಮಿಗೂ ನಡುವೆ ಅರ್ಧ ಇಂಚು ಬಿಟ್ಟು, ಎರಡು ವಾರ ಕಳೆದ ಮೇಲೆ ತುಂಬಿಸಿ. ಬೀಮು ಬಾಗಿ ಬ್ಲಾಕಿನ ಮೇಲೆ ಕೂತರೆ ಬಿರುಕು ಖಂಡಿತ. ಕಾಂಕ್ರೀಟಿಗೂ ಬ್ಲಾಕಿಗೂ ಬಿಸಿಲಿನಲ್ಲಿ ಹಿಗ್ಗುವ ಅಳತೆ ಬೇರೆ, ಅದಕ್ಕೇ ಆ ಗೆರೆಯ ಎರಡೂ ಬದಿ 6 ಇಂಚು ಬರುವಂತೆ ಒಂದಡಿ ಅಗಲದ ಜಾಲರಿ ಇಟ್ಟು ಗಿಲಾವು ಮಾಡಬೇಕು. ಕರಾವಳಿಯಲ್ಲಿ ಕೋಳಿಬಲೆ ಬೇಡ, ತುಕ್ಕು ಹಿಡಿದು ಕಂದು ಗೆರೆ ಮೂಡುತ್ತದೆ. ಫೈಬರ್ ಜಾಲರಿ ಇರಲಿ. ವೈರಿಂಗ್ ಪೈಪಿಗೆ ಉಳಿ ಸುತ್ತಿಗೆ ಬೇಡ, ಕತ್ತರಿಸುವ ಯಂತ್ರದಿಂದಲೇ ಸೀಳು ಕೊರೆಯಲಿ. ಗೀಸರ್, ಅಡುಗೆಮನೆಯ ಕಪಾಟು ತೂಗುವ ಜಾಗ ಮೊದಲೇ ಗುರುತಿಸಿ ಅಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಪುಣೆಯಲ್ಲೂ ಗೋವಾದಲ್ಲೂ ಗೌಂಡಿ ಕೆಲಸದವರಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಬಹಳ ಮಂದಿ. ಕನ್ನಡದಲ್ಲೇ ಕೂತು ವಿವರಿಸಿದರೆ ಈ ಕೆಲಸ ಅರ್ಧ ಹಗುರಾಗುತ್ತದೆ.

ಪುಣೆಗೆ ಬಂದರೆ ಫ್ಯಾನಿನ ಮನೆಗೆ ಭಾರವಾದ ಗೋಡೆಯೇ ಹಿತ. ಇಟ್ಟಿಗೆಯಾಗಲಿ ಫ್ಲೈ ಆ್ಯಶ್ ಇಟ್ಟಿಗೆಯಾಗಲಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಎದುರುಬದುರು ಕಿಟಕಿ ತೆರೆದು, ಹಗಲು ಮುಚ್ಚಿ ಪರದೆ ಎಳೆದರೆ ಗೋಡೆ ಮಧ್ಯಾಹ್ನದವರೆಗೂ ತಂಪಾಗಿರುತ್ತದೆ. ಕಳ್ಳರ ಭಯಕ್ಕೆ ರಾತ್ರಿ ಮುಚ್ಚುವ ಮನೆಯಲ್ಲಿ ಈ ಲಾಭವಿಲ್ಲ. ಗ್ರಿಲ್, ಸೊಳ್ಳೆ ಜಾಲರಿಯ ಖರ್ಚನ್ನು ಗೋಡೆಯ ಖರ್ಚಿನಲ್ಲೇ ಸೇರಿಸಿಕೊಳ್ಳಿ. ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್‌ಟ್ರ್ಯಾಪ್ ಕಟ್ಟಡದಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಸಂದು ಬಿಡುತ್ತಾರೆ. 9 ಇಂಚಿನ ಗೋಡೆಗೆ ಇಟ್ಟಿಗೆ ಕಾಲು ಭಾಗ ಕಡಿಮೆ ಸಾಕು, ಶಾಖವೂ ಕಡಿಮೆ ದಾಟುತ್ತದೆ. ಇಟ್ಟಿಗೆಗಳೆಲ್ಲ ಒಂದೇ ಅಳತೆಯವಾಗಿರಬೇಕು. ಎರಡು ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಲು ಸೊಟ್ಟಾಗಿ, ತುಂಬಿಸಿದ ಗಾರೆಯಲ್ಲೇ ಉಳಿತಾಯ ಹೋಗುತ್ತದೆ. ಸಾಲು ಬೀಳುವಾಗ ಸಂದಿಗೆ ಗಾರೆ ಉದುರದಂತೆ ಹಲಗೆ ಇಡಬೇಕು. ಕರಾವಳಿಯ ಎರಚಲು ಮಳೆಗೆ ಇದನ್ನು ಗಿಲಾವಿಲ್ಲದೆ ಬಿಡಬೇಡಿ.

ಮಣ್ಣಿನ ಒತ್ತಿಟ್ಟಿಗೆ ಕಡೆಗೆ ಒಲವಿದ್ದರೆ ಮೊದಲು ಸೈಟಿನ ಮಣ್ಣು ನೋಡಿ. ಪುಣೆಯ ಸುತ್ತ ಎರೆಮಣ್ಣು ಹೆಚ್ಚು. ಅದು ಒಣಗಿದಾಗ ಬಿರಿಯುವ ಮಣ್ಣು, ಸಿಮೆಂಟ್ ಸೇರಿಸಿದರೂ ಇಟ್ಟಿಗೆಗೆ ಬಾರದು. ಮುರುಮ್ (ಗರಸು ಮಣ್ಣು) ಇದ್ದರೆ ಬಾಟಲಿಯಲ್ಲಿ ನೀರು ಹಾಕಿ ಕಲಕಿ ಒಂದು ದಿನ ಬಿಡಿ: ಅರ್ಧಕ್ಕಿಂತ ಹೆಚ್ಚು ಗರಸು ಮರಳು, ಐದನೇ ಒಂದು ಪಾಲಿನಷ್ಟು ಜೇಡಿ ಕೂತರೆ ನೂರಕ್ಕೆ 5–8 ಪಾಲು ಸಿಮೆಂಟಿನೊಡನೆ ಒತ್ತಬಹುದು. 28 ದಿನ ನೀರುಣಿಸುವ ತಾಳ್ಮೆ ಬೇಕು. ಪುಣೆಯ ಕರಿಗಲ್ಲು ಪಾಯಕ್ಕೆ, ಕಾಂಪೌಂಡಿಗೆ ಸರಿ; ಮನೆಯ ಗೋಡೆಗೆ ಜಾಗ, ಕೂಲಿ ಎರಡೂ ತಿನ್ನುತ್ತದೆ. ಭಾರ ಹೊರುವ ಗೋಡೆ ಯಾವುದೇ ಇರಲಿ, ಪ್ಲಿಂತ್, ಲಿಂಟೆಲ್ ಮಟ್ಟಗಳಲ್ಲಿ ಸುತ್ತ ಆರ್‌ಸಿಸಿ ಪಟ್ಟಿ ಬೇಕು. 1967ರ ಕೊಯ್ನಾ ಭೂಕಂಪ ಆದದ್ದು ಇದೇ ಸಹ್ಯಾದ್ರಿಯಲ್ಲಿ.

ಸಿಮೆಂಟು, ಮರಳು, ಕಂಬಿ

ಐವತ್ತು ವರ್ಷ ಬಾಳುವ ಮನೆ ಇಪ್ಪತ್ತಕ್ಕೇ ಕಂಬಿ ಬಿಟ್ಟುಕೊಂಡರೆ ಉಳಿಸಿದ ಕರೆಂಟೆಲ್ಲ ದಂಡ. ಐಎಸ್ 456 ಕರಾವಳಿಯ ಹವೆಯನ್ನು ತೀವ್ರ ಎಂದು ವರ್ಗೀಕರಿಸಿ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಂಬಿಗೆ 45 ಮಿ.ಮೀ. ಕವರ್ ಕೇಳುತ್ತದೆ. ಸೈಟಿನಲ್ಲಿ ಸಾಮಾನ್ಯವಾಗಿ ಕಾಣುವ 20–25 ಮಿ.ಮೀ. ಕವರ್ ಬ್ಲಾಕುಗಳನ್ನು ಅಲ್ಲಿ ಒಪ್ಪಬೇಡಿ. ಗೋವಾ, ಮುಂಬಯಿಗೆ ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತದ್ದು) ಒಳ್ಳೆಯದು, ಉಪ್ಪಿನ ಅಂಶ ಕಂಬಿಗೆ ತಲುಪುವುದನ್ನು ತಡಮಾಡುತ್ತದೆ, ಅದನ್ನು ತಯಾರಿಸಲು ಸುಡುವ ಸುಣ್ಣಕಲ್ಲಿನ ಪ್ರಮಾಣವೂ ಕಡಿಮೆ. ಪುಣೆಗೆ ಫ್ಲೈ ಆ್ಯಶ್ ಬೆರೆತ ಪಿಪಿಸಿ ಸಿಮೆಂಟ್ ಸಾಕು. ಎರಡೂ ನಿಧಾನ ಗಟ್ಟಿಯಾಗುವುದರಿಂದ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ನೀರುಣಿಸಿ. ಖಾಡಿಯ (ಅಳಿವೆಯ), ಕಡಲತೀರದ ಮರಳು ಗಿಲಾವಿಗೂ ಬೇಡ, ಕ್ರಷ್ ಸ್ಯಾಂಡ್ ತರಿಸಿ.

ಸೋಲಾರು, ನೀರು

1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಜುಲೈಯಲ್ಲಿ ಅದಕ್ಕಿಂತ ಬಹಳ ಕಡಿಮೆ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಗಿದೆ. ಸೋಲಾರ್ ವಾಟರ್ ಹೀಟರ್ ಪುಣೆಯ ಚಳಿಗೆ ಲಾಭ, ನಾಲ್ಕು ಜನಕ್ಕೆ 100–150 ಲೀಟರ್. ಬೋರ್‌ವೆಲ್ ನೀರಾದರೆ ತಾಮ್ರದ ನಳಿಗೆಯಲ್ಲಿ ಸುಣ್ಣ ಕಟ್ಟುತ್ತದೆ, ಗಾಜಿನ ಕೊಳವೆಯದನ್ನು ತೊಳೆಯುವುದು ಸುಲಭ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ. ಮಳೆನೀರು: 100 ಚದರ ಮೀಟರ್ ಛಾವಣಿಗೆ ಪುಣೆಯಲ್ಲಿ ವರ್ಷಕ್ಕೆ ಸುಮಾರು 56,000 ಲೀಟರ್, ಗೋವಾದಲ್ಲಿ ಎರಡು ಲಕ್ಷದ ಮೇಲೆ. 4 ಇಂಚಿನ ಒಂದು ಪೈಪ್ ಗಂಟೆಗೆ 100 ಮಿ.ಮೀ. ಮಳೆ ಬಿದ್ದಾಗ ಸುಮಾರು 40 ಚದರ ಮೀಟರ್ ಛಾವಣಿಯ ನೀರನ್ನಷ್ಟೇ ಇಳಿಸಬಲ್ಲದು, ಆದ್ದರಿಂದ ಮೂರು ಪೈಪ್ ಇಡಿ.

ಕೆಲಸದ ತಿಂಗಳುಗಳು

ಪಾಯ ಅಕ್ಟೋಬರ್–ನವೆಂಬರ್‌ಗೆ, ಛಾವಣಿ ಮಾರ್ಚ್ ಒಳಗೆ, ಹೊರಗಿಲಾವು ಏಪ್ರಿಲ್ ಒಳಗೆ. ಮಳೆ ಗೋವಾಕ್ಕೆ ಜೂನ್ ಮೊದಲ ವಾರ, ಮುಂಬಯಿ, ಪುಣೆಗಳಿಗೆ ಎರಡನೆಯ ವಾರ. ವಾಟರ್‌ಪ್ರೂಫಿಂಗ್ ಪದರ ಮುಗಿದ ಕೂಡಲೇ, ಎಕ್ಸ್‌ಪಿಎಸ್ ಹಾಸುವ ಮೊದಲು, ನೀರು ಹೋಗುವ ತೂತುಗಳಿಗೆ ಗೋಣಿ ತುರುಕಿ, ಅಂಚಿಗೆ ಗಾರೆಯ ಕಟ್ಟೆ ಕಟ್ಟಿ, 2 ಇಂಚು ನೀರನ್ನು 72 ಗಂಟೆ ನಿಲ್ಲಿಸಿ. ಕೆಳಗಿನ ಕೋಣೆಯಲ್ಲಿ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ, ತೇವ ಕಂಡ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿ ತಾರೀಕು ಬರೆಯಿರಿ. ಆ ಸುತ್ತು ಒಣಗಿದ್ದನ್ನು ಎರಡನೆಯ ಸಲ ನೀರು ನಿಲ್ಲಿಸಿ ನೋಡಿದ ಮೇಲೆಯೇ ಗುತ್ತಿಗೆದಾರರಿಗೆ ಛಾವಣಿಯ ಕೊನೆಯ ಕಂತು.